ಇಂದುಮತಿಯ ಅರ್ಧ ರೊಟ್ಟಿ

ಇಂದುಮತಿ ಬಳಿಗಾರಳ ಹೆಸರಿನಲ್ಲಿ ಖರೀದಿಯಾಗುತ್ತಿದ್ದ ಆಹಾರದಲ್ಲಿ ಹೆಚ್ಚುಕಡಿಮೆ ಅರ್ಧ ಅವಳ ಹೊಟ್ಟೆಗೆ ಹೋಗುತ್ತಿಲ್ಲ ಎಂಬುದು ಗೊತ್ತಾದದ್ದು ಏಪ್ರಿಲ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ.

ಹುಬ್ಬಳ್ಳಿಯ ಪಾಲನಾ ಲೆಕ್ಕಪರಿಶೋಧನಾ ಕೇಂದ್ರದ ಎರಡನೇ ಮಹಡಿಯಲ್ಲಿ ಗೋಡೆಯಗಲದ ಪರದೆಯೊಂದಿತ್ತು. ಕಾಯಿಲೆಯಿಂದಲೋ ಅಪಘಾತದಿಂದಲೋ ತಮ್ಮ ಹಣವನ್ನು ತಾವೇ ನೋಡಿಕೊಳ್ಳಲಾಗದ ಎರಡು ಸಾವಿರದ ಮುನ್ನೂರು ಜನರ ಹೆಸರು ಅದರಲ್ಲಿದ್ದವು. ಇವರಲ್ಲಿ ಪ್ರತಿಯೊಬ್ಬರಿಗೂ ಕೋರ್ಟು ಒಬ್ಬ ಪಾಲಕರನ್ನು ನೇಮಿಸಿತ್ತು. ಪಾಲಕರು ಖರ್ಚು ಮಾಡಿ ಬಿಲ್ಲು ಕಳಿಸಬೇಕು, ಕೇಂದ್ರ ಅದನ್ನು ಪರಿಶೀಲಿಸಬೇಕು. ಹಿಂದೆ ಕಾಗದಕ್ಕೆ ಕಾಗದ ತಾಳೆ ನೋಡುತ್ತಿದ್ದರು. ಈಗ ಕಾಗದಕ್ಕೆ ದೇಹವನ್ನೇ ತಾಳೆ ನೋಡುತ್ತಿದ್ದರು.

ಪ್ರತಿಯೊಬ್ಬರ ತೋಳಿಗೂ ಒಂದು ಪಟ್ಟಿ ಕಟ್ಟಿರುತ್ತಿತ್ತು. ಅದರೊಳಗಿನ ಕೂದಲೆಳೆಯಂಥ ಸೂಜಿಗಳು ಚರ್ಮದ ಕೆಳಗಿನ ದ್ರವವನ್ನು ಐದು ನಿಮಿಷಕ್ಕೊಮ್ಮೆ ಮುಟ್ಟಿ ನೋಡುತ್ತಿದ್ದವು. ಮಾತ್ರೆ ನುಂಗಿಸಿದ್ದೇವೆ ಎಂದು ಪಾಲಕರು ಬರೆದರೆ ಮಾತ್ರೆಯ ಅಂಶ ಅಲ್ಲಿ ಕಾಣಬೇಕು. ಊಟ ಮಾಡಿಸಿದ್ದೇವೆ ಎಂದರೆ ಪರದೆಯಲ್ಲಿ ಸಕ್ಕರೆಯ ಗೆರೆ ಅರ್ಧ ಗಂಟೆಯೊಳಗೆ ಮೇಲೇಳಬೇಕು. ಬಿಲ್ಲು ಒಂದು ಹೇಳಿ ದೇಹ ಇನ್ನೊಂದು ಹೇಳಿದರೆ ಆ ಹೆಸರು ಕೆಂಪಾಗುತ್ತಿತ್ತು. ಮೂರು ತಿಂಗಳ ವ್ಯತ್ಯಾಸ ಶೇಕಡಾ ಹನ್ನೆರಡನ್ನು ದಾಟಿದರೆ ನೋಟಿಸು ಹೋಗಿ ಆರನೇ ದಿನ ಪಾಲಕರ ಹಕ್ಕು ತಾನಾಗಿ ರದ್ದಾಗುತ್ತಿತ್ತು. ಪಾಲಿತರನ್ನು, ಅಂದರೆ ಅವರ ಆರೈಕೆಯಲ್ಲಿದ್ದವರನ್ನು, ಸರ್ಕಾರಿ ಆಶ್ರಯಕ್ಕೆ ಸಾಗಿಸಲಾಗುತ್ತಿತ್ತು. ಯಾರ ಸಹಿಯೂ ಬೇಕಿರಲಿಲ್ಲ.

ಈ ನಿಯಮ ಬರೆದವಳು ವನಮಾಲಾ ಹಂಚಿನಮನಿ, ಕೇಂದ್ರದ ಹಿರಿಯ ಪರಿಶೋಧಕಿ. ಆರು ವರ್ಷಗಳ ಹಿಂದೆ ಅವಳು ಒಬ್ಬ ಮುದುಕಿಯ ಲೆಕ್ಕ ನೋಡಿದ್ದಳು. ಹಾಲು, ಹಣ್ಣು, ತುಪ್ಪ, ಎಲ್ಲದಕ್ಕೂ ಅಚ್ಚುಕಟ್ಟಾದ ರಸೀದಿಗಳಿದ್ದವು. ಒಂದು ರೂಪಾಯಿಯ ತಪ್ಪೂ ಇರಲಿಲ್ಲ. ಅವಳು ಸರಿ ಎಂದು ಸಹಿ ಹಾಕಿದ ಹದಿನೇಳನೇ ದಿನ ಆ ಮುದುಕಿ ಸತ್ತಳು. ತೂಕ ಇಪ್ಪತ್ತೆಂಟು ಕಿಲೋ ಇತ್ತು. ಅಂದಿನಿಂದ ವನಮಾಲಾ ಕಾಗದ ನಂಬುವುದನ್ನು ಬಿಟ್ಟಿದ್ದಳು.

ಆ ಸೋಮವಾರ ಇಂದುಮತಿಯ ಹೆಸರು ಕೆಂಪಾಯಿತು. ಆಹಾರದ ಬಾಬತ್ತಿನಲ್ಲಿ ವ್ಯತ್ಯಾಸ ಶೇಕಡಾ ನಲವತ್ತೇಳು. ಅದರ ಮೇಲೆ ಸಾವಿರದ ಎಂಟುನೂರ ಐವತ್ತು ರೂಪಾಯಿಯ ಪ್ರೋಟೀನ್ ಪುಡಿಯ ಬಿಲ್ಲೊಂದಿತ್ತು. ಆ ಪುಡಿಯ ಒಂದು ಚಮಚವೂ ಅವಳ ದೇಹ ಸೇರಿರಲಿಲ್ಲ.

"ಇದು ಭಾಳ ಸರಳ ಕೇಸ್ ಅದ ಮೇಡಂ," ಎಂದ ಯಂತ್ರಗಳನ್ನು ನೋಡಿಕೊಳ್ಳುವ ಪ್ರಲ್ಹಾದ ಕುಲಕರ್ಣಿ. "ಆರನೇ ದಿನಾ ಶನಿವಾರ ಬರ್ತದ. ಮುಂಜಾನೆ ಒಂಬತ್ತಕ್ಕ ಆದೇಶ ಹೊಂಡ್ತದ."

ನಿಯಮದ ಪ್ರಕಾರ ಮನೆಗೆ ಹೋಗಿ ನೋಡುವ ಅಗತ್ಯವಿರಲಿಲ್ಲ. ಆದರೂ ವನಮಾಲಾ ಮಂಗಳವಾರ ಹೊರಟಳು. ಫೈಲಿನಲ್ಲಿದ್ದ ಒಂದು ಸಂಗತಿ ಅವಳನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಊಟ ಅರ್ಧ ಕಡಿಮೆಯಾಗಿದ್ದರೂ ಇಂದುಮತಿಯ ತೂಕ ಮೂರು ತಿಂಗಳಲ್ಲಿ ಒಂದು ಕಿಲೋ ಹೆಚ್ಚಾಗಿತ್ತು.

ಮನೆ ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿತ್ತು. ಎರಡು ಕೋಣೆ, ಮೇಲೆ ತಗಡು. ಬಾಗಿಲು ತೆಗೆದವಳು ಪಾಲಕಿ ಹಸೀನಾ ಮುಲ್ಲಾ. ಅವಳೂ ಇಂದುಮತಿಯೂ ಹನ್ನೊಂದು ವರ್ಷ ಒಂದು ಬಣ್ಣದ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಒಂದೇ ಬೆಂಚಿಗೆ ಕೂತು ದುಡಿದವರು. ನಾಲ್ಕು ವರ್ಷದ ಹಿಂದೆ ಅಲ್ಲಿ ವಿಷಗಾಳಿ ಸೋರಿ ಇಂದುಮತಿ ಒಳಗೆ ಸಿಕ್ಕಿಬಿದ್ದಿದ್ದಳು. ಹೊರಗೆ ಎಳೆದು ತರುವಷ್ಟರಲ್ಲಿ ಮಿದುಳಿಗೆ ಉಸಿರು ಸಾಲದೆ ಮಾತು, ನೆನಪು, ಲೆಕ್ಕ ಎಲ್ಲ ಹೋಗಿದ್ದವು. ಐವತ್ತನಾಲ್ಕು ಲಕ್ಷ ಪರಿಹಾರ ಬಂತು. ಗಂಡ ಮೊದಲೇ ತೀರಿದ್ದ, ಮಕ್ಕಳಿರಲಿಲ್ಲ. ಪಾಲಕರಾಗಲು ಮುಂದೆ ಬಂದ ಸಂಬಂಧಿಕರೆಲ್ಲ ಮೊದಲು ಹಣದ ವಿಷಯ ಕೇಳಿದರು. ಅವಳು ಏನು ಉಣ್ಣುತ್ತಾಳೆ ಎಂದು ಕೇಳಿದವಳು ಹಸೀನಾ ಒಬ್ಬಳೇ. ಕೋರ್ಟು ಅವಳನ್ನೇ ನೇಮಿಸಿತ್ತು.

"ಬರ್ರಿ ಮೇಡಂ, ಕುಂಡ್ರಿ. ನೋಟಿಸ್ ಬಂದೈತ್ರಿ," ಎಂದಳು ಹಸೀನಾ. ಅವಳ ಕೈ ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಬಿಡುತ್ತಿತ್ತು. "ಆಕಿ ಎಲ್ಲಾ ಉಣ್ತಾಳ್ರಿ. ನಿಮ್ಮ ಮಿಶಿನ್ನ ಏನರ ತಪ್ಪು ಮಾಡಿರಬೇಕು."

"ಊಟದ ಹೊತ್ತಾಗೈತಲ್ಲ. ಉಣ್ಣಸ್ರಿ. ನಾ ಇಲ್ಲೇ ಕುಂಡ್ರತೀನಿ."

ಇಂದುಮತಿ ಗೋಡೆಗೆ ಒರಗಿ ಕುಳಿತಿದ್ದಳು. ತಲೆ ಬಾಚಿ, ಎಣ್ಣೆ ಹಚ್ಚಿ, ಬಿಗಿಯಾಗಿ ಹೆರಳು ಹಾಕಿತ್ತು. ಹಸೀನಾ ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಇಟ್ಟ ತಟ್ಟೆ ತಂದು ಅವಳ ಮುಂದಿಟ್ಟಳು. ರೊಟ್ಟಿ ಮುರಿದು ಬಾಯಿಯ ಹತ್ತಿರ ಹಿಡಿದಳು. ಇಂದುಮತಿ ತುಟಿ ಬಿಗಿಹಿಡಿದಳು. ನಡುಗುವ ಎಡಗೈಯಿಂದ ತಟ್ಟೆಯಲ್ಲಿದ್ದ ಒಂದು ರೊಟ್ಟಿಯನ್ನು ಎತ್ತಿ ಹಸೀನಾಳ ಮಡಿಲಿಗೆ ಹಾಕಿದಳು.

"ನೀ," ಎಂದಳು.

"ಬ್ಯಾಡ ಇಂದೂ. ತಿನ್ನು. ಮೇಡಂ ನೋಡಾಕತ್ತಾರ."

"ನೀ."

ಹಸೀನಾ ರೊಟ್ಟಿಯನ್ನು ವಾಪಸು ತಟ್ಟೆಗೆ ಹಾಕಿದಳು. ಇಂದುಮತಿ ಮತ್ತೆ ಎತ್ತಿ ಅವಳ ಮಡಿಲಿಗೆ ಹಾಕಿದಳು. ನಾಲ್ಕು ಸಲ ಹೀಗೇ ಆಯಿತು. ಕೊನೆಗೆ ಹಸೀನಾ ಮುಖ ತಿರುಗಿಸಿ, ಕಣ್ಣೊರೆಸಿಕೊಂಡು, ರೊಟ್ಟಿಯ ಒಂದು ತುಂಡು ಬಾಯಿಗಿಟ್ಟಳು. ಅವಳು ಅಗಿಯುವುದನ್ನು ನೋಡಿದ ಮೇಲೆ ಇಂದುಮತಿ ಬಾಯಿ ತೆರೆದಳು.

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. "ಕಾರ್ಖಾನ್ಯಾಗ ಒಂದ ಡಬ್ಬ್ಯಾಗ ಉಣ್ತಿದ್ವಿರಿ," ಎಂದಳು ಹಸೀನಾ. "ಮದ್ಲ ನನ್ನ ರೊಟ್ಟಿ ಬ್ಯಾರೆ ಮಾಡಿ ನೋಡಿದ್ನಿ. ನನ್ನ ತಟ್ಟಿ ತುಂಬಿದ್ರೂ ತನ್ನದ್ರಾಗಿಂದ ತಗದು ಹಾಕ್ತಾಳ. ನಾ ತಿನ್ಲಿಲ್ಲಂದ್ರ ಬಾಯಿ ತಗ್ಯಾಂಗಿಲ್ಲ. ಆಕಿಗಿ ಹೊಟ್ಟಿ ತುಂಬ ಆಗ್ಲಿ ಅಂತ ಸಂತಿ ದುಪ್ಪಟ್ಟು ತರಾಕತ್ನಿ. ಹೆಚ್ಚಿಗಿ ತಂದ ಕೆಲವಕ್ಕ ರಸೀದಿ ಸಿಗಲಿಲ್ಲ, ಲೆಕ್ಕ ಕೂಡಲಿಲ್ಲ. ಅದಕ್ಕ ಆ ಪುಡಿ ಬಿಲ್ ಹಾಕಿದ್ನಿ. ಅದು ಸುಳ್ಳು ಬಿಲ್ಲ್ರಿ."

"ನಿಮ್ಮ ಕೆಲಸ?"

"ಬಿಟ್ಟು ಎಂಟ್ ತಿಂಗಳಾತ್ರಿ. ಆಕಿನ್ನ ಒಬ್ಬಾಕಿನ್ನ ಬಿಟ್ಟು ಹೋಗಾಕ ಬರಾಂಗಿಲ್ಲ." ಅವಳು ತಲೆಯೆತ್ತಿದಳು. "ನನಗೂ ಹಸಿವು ಆಕ್ಕೈತ್ರಿ. ಆಕಿ ಕೊಟ್ಟದ್ದು ನಂಗ ಬೇಕಾಗಿರಲಿಲ್ಲ ಅಂತ ನಾ ಹೇಳಾಂಗಿಲ್ಲ. ಆದ್ರ ಆ ಸುಳ್ಳು ಬಿಲ್ಲಿಂದು ಬರೀಬ್ಯಾಡ್ರಿ. ಅದೊಂದು ಬಿಟ್ಟುಬಿಡ್ರಿ."

ವನಮಾಲಾ ಎದ್ದು ಚಪ್ಪಲಿ ಮೆಟ್ಟಿದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿದರೂ ಅವಳಿಗೆ ಕೂರಲಾಗಲಿಲ್ಲ, ಕೇಂದ್ರದವರೆಗೆ ನಿಂತೇ ಬಂದಳು. ಪಾಲಕಿ ಪಾಲಿತಳ ಅನ್ನ ತಿನ್ನುತ್ತಿದ್ದಾಳೆ ಎಂದು ಯಂತ್ರ ಹೇಳಿತ್ತು. ಅದು ನಿಜವೇ ಆಗಿತ್ತು.

ಬುಧವಾರ ಅವಳು ಪ್ರಲ್ಹಾದನಿಗೆ ಎಲ್ಲವನ್ನೂ ಹೇಳಿದಳು. ಅವನು ಖರ್ಚಿನ ಪಟ್ಟಿಯನ್ನು ಪರದೆಯ ಮೇಲೆ ತೆರೆದ. ಆಹಾರ, ಔಷಧ, ಬಟ್ಟೆ, ಬಾಡಿಗೆ, ಚಿಕಿತ್ಸೆ, ಪ್ರಯಾಣ.

"ಇದನ್ನ ಎಲ್ಲಿ ಹಾಕೋಣ ಹೇಳ್ರಿ? ಪಾಲಿತರು ದಾನ ಮಾಡೋಹಂಗಿಲ್ಲ, ಕಾನೂನಿನ್ಯಾಗ ಸ್ಪಷ್ಟ ಅದ. ಮತ್ತ ಆಕಿ ಕೊಡ್ಲಿಕ್ಕತ್ತಾಳ ಅಂತ ನೀವು ಹ್ಯಾಂಗ ಅಂತೀರಿ? ಹನ್ನೊಂದು ವರ್ಷದ ರೂಢಿ. ಮಿದುಳು ಕೆಟ್ಟರೂ ಕೈ ರೂಢಿ ಬಿಡೂದಿಲ್ಲ. ತಟ್ಟಿ ಕಂಡ್ರ ಅರ್ಧ ಸರಸ್ತದ. ಅಷ್ಟ."

ವನಮಾಲಾ ಆ ಮಾತನ್ನು ಬಿಡಿಸಿ ನೋಡಿದಳು. ರೂಢಿಯಾದರೆ ಅದರಲ್ಲಿ ಇಷ್ಟವಿಲ್ಲ. ಇಷ್ಟವಿಲ್ಲದಿದ್ದರೆ ಅದು ಕೊಡುವುದಲ್ಲ. ಅವಳು ಇಂದುಮತಿಯ ತೊಂಬತ್ತು ದಿನಗಳ ಸಕ್ಕರೆಯ ಗೆರೆಗಳನ್ನು ಒಂದರ ಕೆಳಗೊಂದು ಹರಡಿಕೊಂಡು ಕುಳಿತಳು. ಬಹುಪಾಲು ದಿನ ಊಟದ ಅರ್ಧ ಭಾಗ ದೇಹ ಸೇರಿತ್ತು. ನಾಲ್ಕು ದಿನ ಮಾತ್ರ ಪೂರ್ತಿ ಸೇರಿತ್ತು. ಜನವರಿಯಲ್ಲಿ ಒಂಬತ್ತು ದಿನ ಇನ್ನೂ ವಿಚಿತ್ರವಾಗಿದ್ದವು. ಮಧ್ಯಾಹ್ನ ಹಾಲಿನಷ್ಟು ಸಣ್ಣ ಏರಿಕೆ ಬಿಟ್ಟರೆ ಗೆರೆ ಎದ್ದೇ ಇರಲಿಲ್ಲ. ಸಂಜೆ ಆರೂವರೆಯ ಸುಮಾರಿಗೆ ಎದ್ದಿತ್ತು, ಅದೂ ಊಟದ ಮೂರನೇ ಒಂದು ಭಾಗದಷ್ಟು ಮಾತ್ರ. ಯಂತ್ರ ಅದಕ್ಕೆ "ನಿರ್ಲಕ್ಷ್ಯ" ಎಂದು ಗುರುತು ಹಾಕಿತ್ತು. ಹತ್ತನೇ ದಿನದಿಂದ ಎಲ್ಲ ಮೊದಲಿನಂತೆ ಆಗಿತ್ತು.

ಅವಳು ಹಸೀನಾಳಿಗೆ ಫೋನು ಮಾಡಿ, ಕಾರಣ ಹೇಳದೆ, ಜನವರಿಯ ಆ ದಿನಗಳ ಬಗ್ಗೆ ಕೇಳಿದಳು.

"ರಮಜಾನ್ ಇತ್ತ್ರಿ. ನಾ ರೋಜಾ ಹಿಡಿದಿದ್ನಿ. ನಾ ಉಣ್ಣೂಮಟ ಆಕಿನೂ ಉಣ್ಣಲಿಲ್ಲ. ಹಾಲಷ್ಟ ಕುಡೀತಿದ್ಲು. ನಾಳಿ ಉಂಡಾಳು, ನಾಡಿದ್ದು ಉಂಡಾಳು ಅಂತ ಒಂಬತ್ತು ದಿನಾ ನೋಡಿದ್ನಿ. ಸಂಜೀಕ ನಾ ಖಜೂರ ಬಾಯಾಗ ಇಟ್ಟ ಮ್ಯಾಲೆ ಆಕಿ ತಟ್ಟೀಗಿ ಕೈ ಹಾಕಾಕಿ. ಆಮ್ಯಾಲ ತನ್ನ ರೊಟ್ಟಿ ಭಾಳಷ್ಟು ನನಗ ಹಾಕಾಕಿ. ಹತ್ತನೇ ದಿನ ನಾ ರೋಜಾ ಬಿಟ್ನಿ ಮೇಡಂ. ಅಲ್ಲಾನ ಮುಂದ ನಾ ಉತ್ತರ ಹೇಳ್ತೀನಿ."

"ನೀವು ಹೊರಗ ಉಂಡು ಬಂದ ದಿನಾ ಯಾವುವು, ನೆನಪೈತೇನು?"

ಹಸೀನಾ ಯೋಚಿಸಿ ಹೇಳಿದಳು. ತಂಗಿಯ ಮಗಳ ಮದುವೆ. ಓಣಿಯ ಒಂದು ಸೀಮಂತ. ಹಬ್ಬದ ದಿನ. ಮತ್ತೊಂದು ಮನೆಯ ಗೃಹಪ್ರವೇಶ. ನಾಲ್ಕೂ ತಾರೀಖುಗಳು ಪೂರ್ತಿ ಊಟ ದೇಹ ಸೇರಿದ ಆ ನಾಲ್ಕು ದಿನಗಳಿಗೆ ತಾಳೆಯಾದವು.

ವನಮಾಲಾ ಫೋನು ಕೆಳಗಿಟ್ಟು ಎದ್ದು ನಿಂತಳು. ಹಸೀನಾ ಹೊಟ್ಟೆ ತುಂಬಿಸಿಕೊಂಡು ಬಂದ ದಿನ ಇಂದುಮತಿ ತನ್ನ ತಟ್ಟೆಯನ್ನು ತಾನೇ ಉಂಡಿದ್ದಳು. ಸಾಧಾರಣ ದಿನ ಅರ್ಧ ಕೊಟ್ಟಿದ್ದಳು. ಇಡೀ ದಿನ ಹಸಿದಿದ್ದವಳಿಗೆ ಮೂರರಲ್ಲಿ ಎರಡು ಭಾಗ ಕೊಟ್ಟಿದ್ದಳು.

"ರೂಢಿಗೆ ಅಳತಿ ಇರಾಂಗಿಲ್ಲ ಪ್ರಲ್ಹಾದ," ಎಂದಳು. "ಈಕಿ ಅಳದು ಕೊಟ್ಟಾಳ."

ಅವನು ಗೆರೆಗಳನ್ನು ಬಹಳ ಹೊತ್ತು ನೋಡಿದ. ಈ ಸಲ ವಾದ ಮಾಡಲಿಲ್ಲ. "ಆದ್ರ ಆದೇಶ ನಿಲ್ಲಸ್ಲಿಕ್ಕೆ ನನಗೂ ಬರೂದಿಲ್ಲ, ನಿಮಗೂ ಬರೂದಿಲ್ಲ. ಜಜ್ ಸಾಹೇಬರೇ ನಿಲ್ಲಸಬೇಕು."

ಗುರುವಾರ ಅವಳು ಅರ್ಜಿ ಹಾಕಿದಳು. ವಿಚಾರಣೆಗೆ ಸಿಕ್ಕ ದಿನ ಸೋಮವಾರ. ಶುಕ್ರವಾರ ಮೂರು ಸಲ ಕೋರ್ಟಿಗೆ ಹೋಗಿ ಬಂದಳು, ದಿನ ಬದಲಾಗಲಿಲ್ಲ. ಶನಿವಾರ ಒಂಬತ್ತಕ್ಕೆ ಆದೇಶ ಹೊರಟಿತು. ಒಂಬತ್ತೂ ನಲವತ್ತಕ್ಕೆ ವ್ಯಾನು ಓಣಿಯ ಬಾಯಿಗೆ ಬಂದು ನಿಂತಿತು. ಹಸೀನಾ ವ್ಯಾನಿನ ಹಿಂದೆ ಮುಖ್ಯರಸ್ತೆಯವರೆಗೆ ಓಡಿದಳೆಂದು ಚಾಲಕ ನಂತರ ಹೇಳಿದ.

ಅಂದು ವನಮಾಲಾ ಮನೆಯಲ್ಲಿದ್ದರೂ ಕಣ್ಣೆಲ್ಲ ಮೊಬೈಲಿನ ಮೇಲಿತ್ತು. ಇಂದುಮತಿಯ ಗೆರೆ ಮಧ್ಯಾಹ್ನ ಏಳಲಿಲ್ಲ. ನಾಲ್ಕು ಗಂಟೆಗೂ ಏಳಲಿಲ್ಲ. ಹಾಲಿನ ಗುರುತೂ ಇರಲಿಲ್ಲ. ಬಡಿಸಿದ ಊಟ ಆರಿಹೋಗುವುದನ್ನು ನೋಡಿ ಗಂಡ ಶ್ರೀಕಾಂತ, "ಎರಡು ತುತ್ತು ಉಣ್ಣು. ನೀ ಉಪವಾಸ ಕೂತರ ಆಕಿ ಹೊಟ್ಟಿ ತುಂಬ್ತದೇನು?" ಎಂದ.

"ನಿಯಮ ಹಂಗ ಐತಿ. ನಾ ಏನ್ ಮಾಡ್ಲಿ?"

"ನಿಯಮ ನೀನ ಬರದಿದ್ದಲ್ಲ?" ಎಂದ. ಚುಚ್ಚಬೇಕೆಂದು ಹೇಳಿದ ಮಾತಲ್ಲ. ಆದರೂ ಅವಳು ತಟ್ಟೆ ಸರಿಸಿ ಎದ್ದುಹೋದಳು.

ಭಾನುವಾರ ಅವಳು ಆಶ್ರಯಕ್ಕೆ ಹೋದಳು. ಉದ್ದನೆಯ ಕೋಣೆ, ಎರಡು ಸಾಲು ಮಂಚ. ಎಲ್ಲ ಚೊಕ್ಕಟವಾಗಿತ್ತು. ಇಂದುಮತಿಯ ಮಂಚಕ್ಕೆ ತೂಗುಬಿಟ್ಟ ಹಾಳೆಯಲ್ಲಿ ಬರೆದಿತ್ತು: ಊಟ ನಿರಾಕರಣೆ. ಅರ್ಥವಿಲ್ಲದ ಶಬ್ದ ಮಾಡುತ್ತಾರೆ.

"ಯಾವ ಶಬ್ದ?"

"'ನೀ, ನೀ' ಅಂತಾರ್ರಿ," ಎಂದಳು ಮೇಲ್ವಿಚಾರಕಿ. "ಊಟ ಕೊಡಾಕ ಹೋದವರಿಗೆಲ್ಲಾ ಅಂತಾರ."

"ಆಕಿ ಸಂಗಾಟ ಯಾರರ ಕುಂತು ಉಣ್ರಿ. ಆಕಿ ಕೊಟ್ಟದ್ದು ತಿನ್ರಿ. ಆಮ್ಯಾಲೆ ಉಣ್ತಾಳ."

ಮೇಲ್ವಿಚಾರಕಿ ಅವಳನ್ನು ವಿಚಿತ್ರವಾಗಿ ನೋಡಿದಳು. "ಪಾಲಿತರ ತಟ್ಟ್ಯಾಗಿಂದು ನಾವು ತಿಂದ್ರ ನೌಕರಿ ಹೊಕ್ಕೈತಿ ಮೇಡಂ. ನಿಮ್ಮ ಆಫೀಸಿನ ನಿಯಮಾನ ಐತಲ್ಲ ಅದು."

ವನಮಾಲಾ ತಾನೇ ಮಂಚದ ಪಕ್ಕ ಕುಳಿತು ತಟ್ಟೆ ತರಿಸಿದಳು. ಇಂದುಮತಿ ಅವಳ ಮುಖವನ್ನೊಮ್ಮೆ ನೋಡಿ ಗೋಡೆಯ ಕಡೆ ಹೊರಳಿದಳು. ಅಷ್ಟರಲ್ಲಿ ಪಕ್ಕದ ಮಂಚದ ಹೆಂಗಸು ಕೈ ಚಾಚಿ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಕಸಿದುಕೊಂಡು ಎರಡೇ ತುತ್ತಿಗೆ ತಿಂದುಬಿಟ್ಟಳು. ಇಂದುಮತಿ ತಿರುಗಿ ಖಾಲಿಯಾದ ತಟ್ಟೆಯನ್ನು ನೋಡಿದಳು. ಅಂದು ಸಂಜೆ ನಾಲ್ಕಕ್ಕೆ ಅವಳ ಸಕ್ಕರೆ ಐವತ್ತೆಂಟಕ್ಕೆ ಇಳಿಯಿತು. ಕೈಗೆ ಸಲೈನ್ ಹಚ್ಚಿದರು.

ಸೋಮವಾರ ವಿಚಾರಣೆ ನಡೆಯಿತು. ನ್ಯಾಯಾಧೀಶರು ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ವನಮಾಲಾ ಗೆರೆಗಳನ್ನು ತೋರಿಸಿದಳು. ತುಂಬಿದ ದಿನ, ಅರ್ಧದ ದಿನ, ಜನವರಿಯ ಒಂಬತ್ತು ದಿನ. ತಾರೀಖುಗಳನ್ನು ಹಸೀನಾ ಗೆರೆ ನೋಡದೆ ಹೇಳಿದ್ದಳು ಎಂಬುದನ್ನೂ ತಿಳಿಸಿದಳು.

"ಅಂದರೆ ಈ ಮಹಿಳೆಗೆ ಹಣದ ವ್ಯವಹಾರ ತಿಳಿಯದಿದ್ದರೂ ಎದುರಿಗಿರುವವರ ಹಸಿವು ತಿಳಿಯುತ್ತದೆ ಎನ್ನುತ್ತೀರಿ," ಎಂದರು ನ್ಯಾಯಾಧೀಶರು.

"ಹೌದು ಮೇಡಂ. ಆಕೆ ಕೊಡುತ್ತಿದ್ದಳು. ನಾವು ಅದನ್ನು ಕಳವು ಎಂದು ಬರೆದುಕೊಂಡೆವು."

"ಪಾಲಕಿಯ ಬಿಲ್ಲುಗಳೆಲ್ಲ ಸರಿಯಿವೆಯೇ?"

ಹಿಂದಿನ ಬೆಂಚಿನಲ್ಲಿ ಹಸೀನಾ ಕುಳಿತಿದ್ದಳು. ವನಮಾಲಾ ಫೈಲಿನಿಂದ ಒಂದು ಹಾಳೆ ತೆಗೆದಳು. "ಇಲ್ಲ. ಒಂದು ಸುಳ್ಳು ಬಿಲ್ಲಿದೆ. ಸಾವಿರದ ಎಂಟುನೂರ ಐವತ್ತು," ಎಂದು ಅದನ್ನೂ ಮುಂದಿಟ್ಟಳು. ಹಸೀನಾ ತಲೆ ತಗ್ಗಿಸಿದಳು.

ಆದೇಶ ಅಂದೇ ಸಂಜೆ ಬಂತು. ಇಂದುಮತಿಯನ್ನು ವಾಪಸು ಕಳಿಸಬೇಕು. ಸುಳ್ಳು ಬಿಲ್ಲಿನ ಹಣವನ್ನೂ ಅಷ್ಟೇ ದಂಡವನ್ನೂ ಹಸೀನಾ ಕಂತಿನಲ್ಲಿ ತುಂಬಬೇಕು. ಇಂದುಮತಿಯ ಖಾತೆಯಲ್ಲಿ "ಪಾಲಿತರು ತಾವಾಗಿ ಕೊಟ್ಟದ್ದು" ಎಂಬ ಹೊಸ ಬಾಬತ್ತು ತೆರೆಯಬೇಕು. ಅದಕ್ಕೊಂದು ಮಿತಿ ಇರಲಿ, ಆ ಮಿತಿಯೊಳಗೆ ಯಾರೂ ಪ್ರಶ್ನಿಸಬಾರದು. ಮೂರು ವಾರಗಳ ನಂತರ ಪರಿಶೋಧಕಿ ಖುದ್ದಾಗಿ ಹೋಗಿ ವರದಿ ಕೊಡಬೇಕು.

ಗೆದ್ದೆವೆಂದು ಪ್ರಲ್ಹಾದ ಚಹಾ ತರಿಸಿದ. ವನಮಾಲಾಳಿಗೆ ಗೆದ್ದ ಹಾಗೆ ಅನ್ನಿಸಲಿಲ್ಲ. ಈ ನಿಯಮದ ಮೇಲೆ ಆಶ್ರಯಕ್ಕೆ ಹೋದವರು ಎಷ್ಟು ಜನ ಎಂದು ಅಂದು ಮೊದಲ ಸಲ ತೆಗೆದು ನೋಡಿದಳು. ಮುನ್ನೂರ ಹನ್ನೆರಡು. ಅವರಲ್ಲಿ ಕಳವಿಗೆ ಗುರಿಯಾದವರು ಯಾರು, ಕೊಡುತ್ತಿದ್ದವರು ಯಾರು ಎಂದು ಆ ಸಂಖ್ಯೆ ಹೇಳುತ್ತಿರಲಿಲ್ಲ.

ಮೂರು ವಾರಗಳ ನಂತರ ಅವಳು ಹಳೇ ಹುಬ್ಬಳ್ಳಿಗೆ ಹೋದಳು. ಹಸೀನಾ ಬಾಗಿಲು ತೆಗೆದಳು, ಬರ್ರಿ ಎಂದಳು, ಆದರೆ ಮುಖ ನೋಡಲಿಲ್ಲ. ಕಂತು ತುಂಬಿದ ರಸೀದಿಯನ್ನು ಮೊದಲು ಮುಂದಿಟ್ಟಳು.

"ಹೊಸ ಬಾಬತ್ತಿನ್ಯಾಗ ಏನೂ ಬರದಿಲ್ಲಲ್ರಿ?" ಎಂದಳು ವನಮಾಲಾ.

"ಬರ್ಯಾಕ ಏನೈತ್ರಿ? ಈಗ ಆಕಿ ಕೊಡಾಂಗಿಲ್ಲ."

ಹಸೀನಾ ಮಂಚದ ತಲೆದಿಂಬು ಎತ್ತಿ ತೋರಿಸಿದಳು. ಅದರಡಿ ಒಣಗಿ ಸೆಟೆದ ಮೂರು ರೊಟ್ಟಿ ತುಂಡುಗಳಿದ್ದವು. ಇಂದುಮತಿ ಗಾಬರಿಯಿಂದ ತೆವಳಿ ಬಂದು ಅವನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

"ಅಲ್ಲಿಂದ ಬಂದಾಗಿಂದ ಹಿಂಗ ಮಾಡ್ತಾಳ್ರಿ. ನಾ ಬಾಜೂಕ ಕುಂತ್ರ ತಟ್ಟಿ ಆಕಡೆ ಎಳಕೋತಾಳ. ಎರಡ್ ದಿನದಾಗ ಕಲಿಸಿ ಕಳಿಸ್ಯಾರ ಮೇಡಂ. ಇನ್ನ ನಿಮ್ಮ ಲೆಕ್ಕ ಚಲೋ ಕೂಡ್ತೈತಿ. ಆಕಿ ರೊಟ್ಟಿ ಎಲ್ಲಾ ಆಕಿ ಹೊಟ್ಟಿಗೇ ಹೊಕ್ಕೈತಿ."

ಅದು ನಿಜವಾಗಿತ್ತು. ಮೂರು ವಾರದಿಂದ ಇಂದುಮತಿಯ ಹೆಸರು ಅಚ್ಚ ಹಸಿರಾಗಿತ್ತು. ಆದೇಶದ ನಂತರ ಹೊಸದಾಗಿ ಶುರುವಾದ ಲೆಕ್ಕದಲ್ಲಿ ವ್ಯತ್ಯಾಸ ಶೇಕಡಾ ಒಂದೂ ಇರಲಿಲ್ಲ.

ವನಮಾಲಾ ಮೊಬೈಲಿನಲ್ಲಿ ವರದಿ ತೆರೆದಳು. "ಪಾಲಿತರು ತಾವಾಗಿ ಕೊಟ್ಟದ್ದು" ಎಂಬುದರ ಮುಂದೆ ಸೊನ್ನೆ ಬರೆದಳು. "ನಷ್ಟವಿದ್ದರೆ ವಿವರ" ಎಂಬಲ್ಲಿ, ಎದುರಿನವರ ಹಸಿವು ತಿಳಿದು ಕೊಡುವ ಶಕ್ತಿ, ಎಂದು ಬರೆದಳು. "ನಷ್ಟಕ್ಕೆ ಕಾರಣರಾದವರು" ಎಂಬಲ್ಲಿ ಒಂದೇ ಹೆಸರು ಆರಿಸಲು ಅವಕಾಶವಿತ್ತು: ಹಸೀನಾ ಮುಲ್ಲಾ, ಪಾಲಕಿ. ಬೇರೆ ಹೆಸರು ಬರೆಯಹೋದರೆ ಪರದೆ ತೆಗೆದುಕೊಳ್ಳಲಿಲ್ಲ.

ಅವಳು ಪ್ರಲ್ಹಾದನಿಗೆ ಫೋನು ಮಾಡಿದಳು.

"ಅಲ್ಲಿ ಪಾಲಕರ ಹೆಸರಷ್ಟ ಬರ್ತದ ಮೇಡಂ," ಎಂದ ಅವನು. "ಬ್ಯಾರೆಯವ್ರು ನಷ್ಟ ಮಾಡ್ಬಹುದು ಅಂತ ನಾವು ಅಂದ್ಕೊಂಡಿರಲಿಲ್ಲಲ್ಲ. ಖಾಲಿ ಬಿಡ್ರಿ."

"ಖಾಲಿ ಬಿಡಾಂಗಿಲ್ಲ."

ವನಮಾಲಾ ಚೀಲದಿಂದ ಒಂದು ಬಿಳಿ ಹಾಳೆ ತೆಗೆದಳು. ಎಷ್ಟೋ ವರ್ಷಗಳ ನಂತರ ಪೆನ್ನು ಹಿಡಿದು ವರದಿ ಬರೆಯತೊಡಗಿದಳು. ಅವಳು ನೆಲದ ಮೇಲೆ ಕೂತು ಬರೆಯುತ್ತಿದ್ದಾಗ ಹಸೀನಾ ಒಳಗೆ ಹೋಗಿ ಊಟ ತಂದಳು. ಇಂದುಮತಿಯ ಮುಂದೆ ಒಂದು ತಟ್ಟೆ, ತನ್ನ ಮುಂದೆ ಒಂದು. ಇಂದುಮತಿ ತನ್ನ ತಟ್ಟೆಯನ್ನು ಎದೆಗೆ ಒತ್ತಿ ಹಿಡಿದು ಬೇಗ ಬೇಗ ತಿಂದಳು. ಹಸೀನಾ ತನ್ನ ರೊಟ್ಟಿಯನ್ನು ಸರಿಯಾಗಿ ಎರಡು ಭಾಗ ಮಾಡಿ, ಒಂದು ಭಾಗವನ್ನು ಅವಳ ತಟ್ಟೆಯ ಅಂಚಿಗೆ ಇಟ್ಟಳು. ಇಂದುಮತಿಯ ಕೈ ನಿಂತಿತು. ಆ ತುಂಡನ್ನು ತಟ್ಟನೆ ತಲೆದಿಂಬಿನಡಿ ತುರುಕಿದಳು.

"ಇರ್ಲಿ ಬಿಡು. ನಾಳಿ ಮತ್ತ ಕೊಡ್ತೀನಿ," ಎಂದಳು ಹಸೀನಾ.

ವನಮಾಲಾ ಕೊನೆಯ ಸಾಲು ಬರೆದಳು. ಈ ನಷ್ಟಕ್ಕೆ ಕಾರಣ ಶೇಕಡಾ ಹನ್ನೆರಡರ ನಿಯಮ, ಅದನ್ನು ಬರೆದವಳು ನಾನು. ಇದೇ ನಿಯಮದಲ್ಲಿ ಆಶ್ರಯಕ್ಕೆ ಕಳಿಸಲಾದ ಮುನ್ನೂರ ಹನ್ನೆರಡು ಜನರ ಲೆಕ್ಕವನ್ನು ಮತ್ತೆ ತೆರೆಯಬೇಕು, ಅಲ್ಲಿಯವರೆಗೆ ತಾನಾಗಿ ಹೊರಡುವ ಆದೇಶವನ್ನು ನಿಲ್ಲಿಸಬೇಕು ಎಂದು ಕೋರುತ್ತೇನೆ. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

ಕೋರ್ಟಿನ ಕಚೇರಿ ಮುಚ್ಚಲು ಇನ್ನೂ ಒಂದು ಗಂಟೆಯಿತ್ತು. ಅವಳು ಹಾಳೆಯನ್ನು ಮಡಚದೆ ಕೈಯಲ್ಲೇ ಹಿಡಿದುಕೊಂಡು ಓಣಿಯಿಂದ ಮುಖ್ಯರಸ್ತೆಯ ಕಡೆಗೆ ಬೇಗ ಬೇಗ ನಡೆದಳು.